ಫೆಬ್ರವರಿಯಲ್ಲೂ ಬಾಗಿಲು ತಟ್ಟಿ

ಕ್ರಿಸ್‌ಮಸ್ ಬಂದರೆ ನಮ್ಮ ಮಂಗಳೂರಲ್ಲಿ ಮನೆಮನೆಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ ಹೋಗುತ್ತದೆ. ಫೆಬ್ರವರಿಯಲ್ಲಿ ಯಾರು ಹೋಗುತ್ತಾರೆ? ದಯೆ ತೋರಿಸುವುದು ಕಷ್ಟವಲ್ಲ, ಬಿಡದೆ ತೋರಿಸುವುದು ಕಷ್ಟ.

ನಾನೇ ಎಡವಿದ್ದೇನೆ. ಒಮ್ಮೆ ಹೊಸ ವರ್ಷದ ಆರಾಧನೆ ಮುಗಿಸಿ ಬಂದವಳೇ, ಹಿಂದಿನ ಬೀದಿಯ ಒಂಟಿ ಅಜ್ಜಿಗೆ ದಿನಾ ಊಟ ತರುತ್ತೇನೆ ಎಂದೆ. ಮೂರು ವಾರ ನಡೆಯಿತು. ಆಮೇಲೆ ಮಗಳ ಪರೀಕ್ಷೆ, ನನ್ನ ಸೊಂಟನೋವು. ಹೇಳದೆ ನಿಲ್ಲಿಸಿಬಿಟ್ಟೆ. ಹತ್ತು ದಿನ ಬಿಟ್ಟು ಹೋದರೆ, ನನ್ನ ಸ್ಟೀಲ್ ಬುತ್ತಿಯನ್ನು ತೊಳೆದು ಕಿಟಕಿಯ ಮೇಲೆ ಕವುಚಿ ಇಟ್ಟಿದ್ದರು. "ಮೊದಲೆರಡು ದಿನ ನೀನು ಬರ್ತೀ ಅಂತ ಗಂಜಿಗೆ ಇಡ್ಲೇ ಇಲ್ಲ ಮಗಾ" ಎಂದರು. ಬೈಯಲಿಲ್ಲ.

ಹಾಗಾಗಿ ಮಾತು ಕೊಡುವ ಮೊದಲು ನಿಮ್ಮ ಕೈಲಾಗುವುದೆಷ್ಟು ನೋಡಿಕೊಳ್ಳಿ. ಒಬ್ಬರು ಸಾಕು, ವಾರಕ್ಕೊಮ್ಮೆ ಸಾಕು. ನನ್ನದು ಗುರುವಾರ ಸಂಜೆ 5 ಗಂಟೆ. ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಗುರುತು ಹಾಕಿದ್ದೇನೆ. ಹೋಗಲಾಗದಿದ್ದರೆ ಬೆಳಿಗ್ಗೆಯೇ ಫೋನ್ ಮಾಡುತ್ತೇನೆ. ಹೋಗುವ ಮನಸ್ಸಿದೆಯಾ ಅಂತ ಆ ದಿನ ನಿಮ್ಮನ್ನೇ ಕೇಳಿಕೊಳ್ಳಬೇಡಿ. ಸುಮ್ನೆ ಚಪ್ಪಲಿ ಮೆಟ್ಟಿ ಹೊರಡಿ.

ಬೈಬಲಿನಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನಿಗೆ ನೆರವಾದ ಸಮಾರ್ಯದವನ ಕಥೆಯಲ್ಲಿ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದದ್ದನ್ನೇ ಸಂಡೆ ಸ್ಕೂಲಿನಲ್ಲಿ ಜಾಸ್ತಿ ಹೇಳುತ್ತೇವೆ, ಅಲ್ವಾ? ಲೂಕ 10ರ 35ನೇ ವಚನ ಓದಿ. ಮಾರನೆಯ ದಿನ ಅವನು ಛತ್ರದವನಿಗೆ ಎರಡು ನಾಣ್ಯ ಕೊಟ್ಟು ತನ್ನ ದಾರಿ ಹಿಡಿಯುತ್ತಾನೆ. ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಎನ್ನುತ್ತಾನೆ. ತನ್ನ ಕೆಲಸ ಬಿಟ್ಟು ಕೂರಲಿಲ್ಲ, ಗಾಯಾಳುವನ್ನು ಮರೆಯಲೂ ಇಲ್ಲ. ನನಗೆ ಆ 'ತಿರುಗಿ ಬಂದಾಗ' ಎನ್ನುವ ಮಾತೇ ದೊಡ್ಡದು.

ಏನು ಬೇಕು ಎಂದು ಕೇಳಿ. ಅಜ್ಜಿಗೆ ಬೇಕಿದ್ದದ್ದು ಊಟವೇ ಅಲ್ಲ. ವಾರದ ಮಾತ್ರೆಗಳನ್ನು ಏಳು ಖಾನೆಯ ಡಬ್ಬಿಗೆ ತುಂಬಿಸಿ ಕೊಡಬೇಕಿತ್ತು. ಬಿಳಿ ಮಾತ್ರೆ ಎರಡು ಬಗೆ, ಅವರ ಕಣ್ಣಿಗೆ ಎರಡೂ ಒಂದೇ. ಆಮೇಲೆ ಪೇಪರಿನ ನಿಧನ ಸುದ್ದಿ ಓದಬೇಕು. ಗುರುತಿನವರ ಹೆಸರು ಬಂದರೆ ಇನ್ನೊಮ್ಮೆ ಓದಿಸುತ್ತಾರೆ.

ಧರ್ಮಪ್ರಚಾರದ ಕರಪತ್ರ ಒಯ್ಯಬೇಡಿ. ಅಜ್ಜಿ ತಮ್ಮ ದೇವರ ಕೋಣೆಯಲ್ಲಿ ದೀಪ ಹಚ್ಚುವಾಗ ನಾನು ಜಗಲಿಯಲ್ಲಿ ಕಾಯುತ್ತೇನೆ. ಅವರಿಗಾಗಿ ಪ್ರಾರ್ಥನೆ ನನ್ನ ಮನೆಯಲ್ಲಿ, ರಾತ್ರಿ. ಮತ್ತೆ, ಅಲ್ಲಿ ನಗುತ್ತಾ ಇದ್ದು ಮನೆಗೆ ಬಂದು ಗಂಡನ ಮೇಲೆ ರೇಗಿದ ದಿನ ಗಂಡನಲ್ಲೂ ಕ್ಷಮೆ ಕೇಳಿ ಮಲಗಿ.

ಹೋದ ಗುರುವಾರ ಮಳೆಯಿಂದ ಹತ್ತು ನಿಮಿಷ ತಡವಾಯಿತು. ಅಜ್ಜಿ ಡಬ್ಬಿ, ಮಾತ್ರೆ ಚೀಲ, ಪೇಪರ್ ಎಲ್ಲ ಜಗಲಿಗೆ ತಂದಿಟ್ಟುಕೊಂಡು ಕೂತಿದ್ದರು.