ತಕಿಟ ತೋಂ: ಇನ್ವೋಕರ್ ಬೆರಳಿಗೆ ಒಲಿಯುವ ಬಗೆ

ಕಳೆದ ಮಳೆಗಾಲದಲ್ಲಿ ಕಾರವಾರದ ಕೋಡಿಬಾಗದಿಂದ ತಂಗಿಯ ಮಗ ಶಿರಸಿಯ ನಮ್ಮ ಮನೆಗೆ ಬಂದಿದ್ದ. ಚೀಲದಿಂದ ಬಟ್ಟೆಗಿಂತ ಮೊದಲು ಹೊರಬಂದದ್ದು ಲ್ಯಾಪ್‌ಟಾಪು. “ಮಾವ, ಹತ್ತೂ ಮಂತ್ರ ಬಾಯಿಪಾಠ ಆಗಿದೆ. ಆಟ ಶುರುವಾದರೆ ಬೆರಳು ಮಾತು ಕೇಳುವುದಿಲ್ಲ” ಎಂದ. ಅವನು ಹೇಳುತ್ತಿದ್ದದ್ದು ಡೋಟಾ 2 ಆಟದ ಇನ್ವೋಕರ್ ಎಂಬ ಪಾತ್ರದ ವಿಷಯ. ನಾನೂ ಈ ಆಟವನ್ನು ಕೆಲವು ವರ್ಷಗಳಿಂದ ಆಡುತ್ತಿದ್ದೇನೆ, ಆದರೆ ಆ ಪಾತ್ರದ ಗೊಡವೆಗೆ ಹೋಗಿರಲಿಲ್ಲ. ಅವನ ದೂರು ಕೇಳಿದಾಗ ಮದ್ದಲೆ ಕಲಿಯಲು ಕುಳಿತ ನನ್ನ ಬಾಲ್ಯದ ದಿನಗಳು ನೆನಪಾದವು. ಅಲ್ಲಿಯೂ ತೊಡಕು ಇದೇ ಆಗಿತ್ತು. ಗುರುಗಳು ಮದ್ದಲೆ ಮುಟ್ಟಗೊಡದೆ ವಾರಗಟ್ಟಲೆ ಬಾಯಿತಾಳ ಹೇಳಿಸುತ್ತಿದ್ದರು. ಆ ಕ್ರಮವನ್ನೇ ಕೀಬೋರ್ಡಿಗೆ ಹೊಂದಿಸಿಕೊಂಡು ನಾವಿಬ್ಬರೂ ಮೂರು ವಾರ ಅಭ್ಯಾಸ ಮಾಡಿದೆವು. ಫಲ ಸಿಕ್ಕಿತು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡೋಟಾ 2 ಐವರ ಎದುರು ಐವರು ಕಂಪ್ಯೂಟರಿನಲ್ಲಿ ಆಡುವ ಆಟ. ಎದುರಾಳಿಗಳ ಮುಖ್ಯ ಕಟ್ಟಡವನ್ನು ಕೆಡವಿದವರು ಗೆದ್ದಂತೆ. 2013ರ ಜುಲೈನಲ್ಲಿ ಅಧಿಕೃತವಾಗಿ ಬಿಡುಗಡೆಯಾಯಿತು, ಆಡಲು ಹಣ ಕೊಡಬೇಕಿಲ್ಲ. 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ತಂಡ ಕಂಚು ಗೆದ್ದದ್ದು ಇದೇ ಆಟದಲ್ಲಿ. ಇದರಲ್ಲಿ 120ಕ್ಕೂ ಹೆಚ್ಚು ಪಾತ್ರಗಳಿವೆ. ಹೆಚ್ಚಿನವಕ್ಕೆ ನಾಲ್ಕೈದು ಶಕ್ತಿಗಳಿದ್ದರೆ ಇನ್ವೋಕರ್‌ಗೆ ಹತ್ತು ಮಂತ್ರಗಳು. ಅವು ಸಿದ್ಧವಾಗಿ ಕೈಯಲ್ಲಿ ಇರುವುದೂ ಇಲ್ಲ, ಬೇಕಾದಾಗ ಕಟ್ಟಿಕೊಳ್ಳಬೇಕು.

ಮೂರು ಗೋಳ, ಒಂದು ಕರೆ

ಕ್ಯೂ ಒತ್ತಿದರೆ ಕ್ವಾಸ್ ಎಂಬ ಹಿಮದ ಗೋಳ, ಡಬ್ಲ್ಯೂ ಒತ್ತಿದರೆ ವೆಕ್ಸ್ ಎಂಬ ಮಿಂಚಿನ ಗೋಳ, ಇ ಒತ್ತಿದರೆ ಎಕ್ಸಾರ್ಟ್ ಎಂಬ ಬೆಂಕಿಯ ಗೋಳ. ತಲೆಯ ಸುತ್ತ ಒಮ್ಮೆಗೆ ಮೂರೇ ಗೋಳಗಳು ತೇಲುತ್ತವೆ. ನಾಲ್ಕನೆಯದು ಬಂದರೆ ಮೊದಲು ಬಂದದ್ದು ಮಾಯ. ಮೂರು ಗೋಳ ಸೇರಿದ ಮೇಲೆ ಆರ್ ಒತ್ತಿದರೆ ಮಂತ್ರ ಹುಟ್ಟುತ್ತದೆ. ಹುಟ್ಟಿದ ಮಂತ್ರ ಡಿ ಗುಂಡಿಗೆ ಬರುತ್ತದೆ, ಅಲ್ಲಿದ್ದ ಹಳೆಯದು ಎಫ್ ಗುಂಡಿಗೆ ಸರಿಯುತ್ತದೆ. ಎರಡಕ್ಕಿಂತ ಹೆಚ್ಚು ಮಂತ್ರಗಳನ್ನು ಹಿಡಿದಿಟ್ಟುಕೊಳ್ಳಲು ಜಾಗವಿಲ್ಲ.

ಮೂರು ಗುಂಡಿಗಳನ್ನು ಮೂರು ಬಾರಿ ಒತ್ತುವ ಕ್ರಮಗಳು ಒಟ್ಟು 27. ಆದರೆ ಯಾವುದು ಮೊದಲು, ಯಾವುದು ನಂತರ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಯಾವ ಗೋಳ ಎಷ್ಟಿದೆ ಎಂಬುದಷ್ಟೇ ಲೆಕ್ಕ. ಹಾಗಾಗಿ 27 ಕುಗ್ಗಿ ಹತ್ತಾಗುತ್ತದೆ. ಕ್ರಮ ಮುಖ್ಯವಲ್ಲದ ಕಾರಣ ನಮಗೆ ಸರಾಗವಾದ ಒಂದು ಕ್ರಮವನ್ನು ಆರಿಸಿಕೊಂಡು ಅದನ್ನೇ ಕೊನೆಯವರೆಗೂ ಬಳಸಬೇಕು. ಇಂದು ಒಂದು ರೀತಿ, ನಾಳೆ ಇನ್ನೊಂದು ರೀತಿ ಒತ್ತಿದರೆ ಬೆರಳು ಗೊಂದಲಕ್ಕೆ ಬೀಳುತ್ತದೆ.

ಬಾಯಿತಾಳ

ಎಡಗೈಯ ಉಂಗುರ ಬೆರಳು ಕ್ಯೂ ಮೇಲೆ, ನಡುಬೆರಳು ಡಬ್ಲ್ಯೂ ಮೇಲೆ, ತೋರುಬೆರಳು ಇ ಮೇಲೆ ಇರಲಿ. ಆರ್ ಕೂಡ ತೋರುಬೆರಳಿನದೇ ಕೆಲಸ. ಈಗ ಕಂಪ್ಯೂಟರ್ ಮುಚ್ಚಿಡಿ. ಊಟದ ಮೇಜಿನ ಮೇಲೆ ಬೆರಳಿಟ್ಟುಕೊಳ್ಳಿ. ಉಂಗುರ ಬೆರಳಿಗೆ ‘ತ’, ನಡುಬೆರಳಿಗೆ ‘ಕಿ’, ತೋರುಬೆರಳಿಗೆ ‘ಟ’, ಆರ್ ಗುಂಡಿಗೆ ‘ತೋಂ’. ಬಾಯಲ್ಲಿ ಹೇಳುತ್ತಾ ಬೆರಳು ತಟ್ಟಿ.

ತ ತ ತ ತೋಂ: ಕೋಲ್ಡ್ ಸ್ನ್ಯಾಪ್. ಟ ಟ ತ ತೋಂ: ಫೋರ್ಜ್ ಸ್ಪಿರಿಟ್. ತ ತ ಕಿ ತೋಂ: ಘೋಸ್ಟ್ ವಾಕ್. ಮೊದಲ ವಾರ ಇವು ಮೂರೇ ಸಾಕು. ಹತ್ತನ್ನೂ ಒಟ್ಟಿಗೆ ಹಿಡಿಯಲು ಹೋಗುವುದೇ ಹೆಚ್ಚಿನವರು ಸೋಲುವ ಜಾಗ ಎಂದು ನನಗೆ ಖಚಿತವಾಗಿದೆ. ನನ್ನ ಅಳಿಯ ಸೋತದ್ದೂ ಅಲ್ಲಿಯೇ.

ಈ ಮೂರನ್ನೇ ಆರಿಸಲು ಕಾರಣವಿದೆ. ಕೋಲ್ಡ್ ಸ್ನ್ಯಾಪ್ ತಗುಲಿದ ಎದುರಾಳಿ ಪೆಟ್ಟು ತಿಂದಾಗಲೆಲ್ಲ ಕ್ಷಣಕಾಲ ಹೆಪ್ಪುಗಟ್ಟಿ ನಿಲ್ಲುತ್ತಾನೆ. ಪೆಟ್ಟು ಕೊಡುವವರು ಹೆಚ್ಚಿದಷ್ಟೂ ಲಾಭ. ಫೋರ್ಜ್ ಸ್ಪಿರಿಟ್ ಎಂದರೆ ನಮ್ಮ ಪರವಾಗಿ ಹೊಡೆಯುವ ಬೆಂಕಿಯ ಭೂತ. ಅದರ ಹೊಡೆತಕ್ಕೆ ಎದುರಾಳಿಯ ಕವಚವೂ ಸವೆಯುತ್ತದೆ. ಒಂದು ಹಿಡಿದು ನಿಲ್ಲಿಸುತ್ತದೆ, ಇನ್ನೊಂದು ಬಡಿಯುತ್ತದೆ. ಘೋಸ್ಟ್ ವಾಕ್ ನಮ್ಮನ್ನು ಅದೃಶ್ಯವಾಗಿಸುತ್ತದೆ, ಅಂದರೆ ಅದು ಪಾರಾಗುವ ದಾರಿ. ಇನ್ವೋಕರ್ ಸುಲಭವಾಗಿ ಸಾಯುವ ಪಾತ್ರ. ಆದ್ದರಿಂದ ‘ತ ತ ಕಿ ತೋಂ’ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು.

ಮೇಜಿನ ಮೇಲೆ ತಪ್ಪಿಲ್ಲದೆ ಬಂದ ನಂತರ ಆಟದ ಡೆಮೊ ವಿಭಾಗಕ್ಕೆ ಹೋಗಿ. ಅಲ್ಲಿ ಒಬ್ಬರೇ ಇರಬಹುದು, ಎದುರಾಳಿ ಬೊಂಬೆಯನ್ನು ನಿಲ್ಲಿಸಿಕೊಳ್ಳಬಹುದು, ಮಟ್ಟ ಏರಿಸಿಕೊಳ್ಳಬಹುದು. ಮಂತ್ರಗಳನ್ನು ತಡೆಯಿಲ್ಲದೆ ಬಿಡುವ ಸೌಲಭ್ಯವೂ ಅಲ್ಲಿದೆ. ಅದನ್ನು ಬಳಸಬೇಡಿ. ಒಂದು ಮಂತ್ರ ಕಟ್ಟಿದ ನಂತರ ಇನ್ನೊಂದಕ್ಕೆ ಕಾಯಬೇಕಾದ ಹೊತ್ತು ಈ ಪಾತ್ರದ ಲಯದ ಒಂದು ಭಾಗ. ಅದನ್ನು ತೆಗೆದು ಕಲಿತರೆ ನಿಜವಾದ ಆಟದಲ್ಲಿ ತಾಳ ತಪ್ಪುತ್ತದೆ.

ಒಂದು ಒಳದಾರಿಯ ಬಗ್ಗೆಯೂ ಹೇಳಬೇಕು. ಕೋಲ್ಡ್ ಸ್ನ್ಯಾಪ್ ಕಟ್ಟಿದಾಗ ಮೂರು ಕ್ವಾಸ್ ಗೋಳಗಳು ತೇಲುತ್ತಲೇ ಇರುತ್ತವೆ. ಒಂದೇ ಒಂದು ವೆಕ್ಸ್ ಸೇರಿಸಿ ಆರ್ ಒತ್ತಿದರೂ ಘೋಸ್ಟ್ ವಾಕ್ ಬಂದುಬಿಡುತ್ತದೆ. ಬಲ್ಲವರು ಹಾಗೆ ಮಾಡುತ್ತಾರೆ. ಹೊಸಬರು ಮೂರನ್ನೂ ಒತ್ತುವುದೇ ಸರಿ, ಏಕೆಂದರೆ ಜಗಳದ ನಡುವೆ ತಲೆಯ ಮೇಲೆ ಯಾವ ಗೋಳಗಳಿವೆ ಎಂದು ನೋಡಲು ಕಣ್ಣಿಗೆ ಬಿಡುವಿರುವುದಿಲ್ಲ. ಬಿಡುವಿದ್ದಾಗ ಮಾತ್ರ ಗೋಳಗಳ ಕಡೆ ಗಮನ ಕೊಡಿ: ಗಾಯವಾಗಿದ್ದರೆ ಮೂರು ಕ್ವಾಸ್, ಅದು ಆರೋಗ್ಯ ತುಂಬುತ್ತದೆ, ಹೊಡೆಯುವಾಗ ಮೂರು ಎಕ್ಸಾರ್ಟ್, ಅದು ಹೊಡೆತದ ಬಲ ಹೆಚ್ಚಿಸುತ್ತದೆ.

ಎಪ್ಪತ್ತೈದರ ತಾಳ

ಎರಡನೆಯ ವಾರಕ್ಕೆ ಇನ್ನು ಮೂರು. ಟ ಟ ಟ ತೋಂ, ಸನ್ ಸ್ಟ್ರೈಕ್. ಟ ಟ ಕಿ ತೋಂ, ಕೇಯಾಸ್ ಮೀಟಿಯರ್. ತ ಕಿ ಟ ತೋಂ, ಡೆಫನಿಂಗ್ ಬ್ಲಾಸ್ಟ್. ಮೊದಲಿನದು ಆಕಾಶದಿಂದ ಬೀಳುವ ಬೆಂಕಿಯ ಕಂಬ, ನಕ್ಷೆಯ ಯಾವ ಮೂಲೆಗೂ ಬಿಡಬಹುದು. ಎರಡನೆಯದು ನೆಲಕ್ಕೆ ಬಿದ್ದು ಉರುಳುವ ಉಲ್ಕೆ. ಮೂರನೆಯದು ಎದುರಾಳಿಯನ್ನು ಹಿಂದಕ್ಕೆ ತಳ್ಳುವ ಅಲೆ. ಇವನ್ನು ಕಟ್ಟುವುದು ಸುಲಭ. ಕಷ್ಟವಿರುವುದು ಹೊತ್ತಿನಲ್ಲಿ: ಗುಂಡಿ ಒತ್ತಿದ 1.7 ಸೆಕೆಂಡಿನ ನಂತರ ಸನ್ ಸ್ಟ್ರೈಕ್ ಬೀಳುತ್ತದೆ, ಉಲ್ಕೆ ನೆಲ ಮುಟ್ಟಲು 1.3 ಸೆಕೆಂಡು ಬೇಕು. ಅಷ್ಟರಲ್ಲಿ ಎದುರಾಳಿ ಓಡಿಹೋಗಿರುತ್ತಾನೆ.

ಅವನನ್ನು ಒಂದೆಡೆ ಹಿಡಿದಿಡಲು ಯೂಲ್ಸ್ ಸೆಪ್ಟರ್ ಎಂಬ ವಸ್ತುವನ್ನು ಕೊಳ್ಳುತ್ತಾರೆ. ಅದು ಎದುರಾಳಿಯನ್ನು ಸುಂಟರಗಾಳಿಯಲ್ಲಿ 2.5 ಸೆಕೆಂಡು ಎತ್ತಿ ಹಿಡಿಯುತ್ತದೆ. ಗಾಳಿಯಲ್ಲಿರುವಾಗ ಅವನಿಗೆ ಯಾವ ಪೆಟ್ಟೂ ತಾಗದು. ಕೆಳಗಿಳಿದ ಕ್ಷಣಕ್ಕೆ ಸರಿಯಾಗಿ ಪೆಟ್ಟು ಬೀಳಬೇಕು. 2.5ರಿಂದ 1.7 ಕಳೆದರೆ 0.8. 2.5ರಿಂದ 1.3 ಕಳೆದರೆ 1.2. ಅಂದರೆ ಎತ್ತಿದ 0.8 ಸೆಕೆಂಡಿಗೆ ಸನ್ ಸ್ಟ್ರೈಕ್, 1.2 ಸೆಕೆಂಡಿಗೆ ಉಲ್ಕೆ.

ಸೆಕೆಂಡಿನ ಇಂಥ ಚೂರುಗಳನ್ನು ಮನಸ್ಸಿನಲ್ಲಿ ಎಣಿಸಲು ಯಾರಿಂದಲೂ ಆಗದು, ಆದರೆ ತಾಳ ಹಾಕಲು ಆಗುತ್ತದೆ. ಮೊಬೈಲಿನಲ್ಲಿ ಮೆಟ್ರೋನೋಮ್ ಆ್ಯಪ್ ಹಾಕಿಕೊಂಡು ನಿಮಿಷಕ್ಕೆ 75 ಪೆಟ್ಟಿಗೆ ಇಡಿ. ಆಗ ಎರಡು ಪೆಟ್ಟುಗಳ ನಡುವಿನ ಅಂತರ ಸರಿಯಾಗಿ 0.8 ಸೆಕೆಂಡು. ಸನ್ ಸ್ಟ್ರೈಕ್ ಮತ್ತು ಉಲ್ಕೆಯನ್ನು ಮೊದಲೇ ಕಟ್ಟಿ ಇಟ್ಟುಕೊಂಡಿರಿ. ಒಂದು ಪೆಟ್ಟಿಗೆ ಎದುರಾಳಿಯನ್ನು ಎತ್ತಿ. ಮುಂದಿನ ಪೆಟ್ಟಿಗೆ ಸನ್ ಸ್ಟ್ರೈಕ್. ಅದರ ನಂತರದ ಅರ್ಧ ಪೆಟ್ಟಿಗೆ ಉಲ್ಕೆ. ಕೂಡಲೇ ‘ತಕಿಟ ತೋಂ’ ಎಂದು ಡೆಫನಿಂಗ್ ಬ್ಲಾಸ್ಟ್ ಕಟ್ಟಿ, ಎದುರಾಳಿ ನೆಲ ಮುಟ್ಟುತ್ತಿದ್ದಂತೆ ಉಲ್ಕೆ ಉರುಳುವ ದಿಕ್ಕಿಗೇ ಅವನನ್ನು ತಳ್ಳಿ. ಉಲ್ಕೆಯೊಂದಿಗೆ ಅವನೂ ಸರಿಯುತ್ತಾ ಸುಡುತ್ತಾನೆ. ಇದು ಮೊದಲ ಬಾರಿ ಕೂಡಿಬಂದಾಗ ನಾವಿಬ್ಬರೂ ಕುರ್ಚಿಯಿಂದ ಎದ್ದುನಿಂತಿದ್ದೆವು.

ಪೆಟ್ಟಿಗಿಂತ ಎಳ್ಳಷ್ಟು ತಡವಾದರೂ ನಡೆಯುತ್ತದೆ, ಮುಂಚೆ ಆಗಬಾರದು. ಮುಂಚೆ ಬಿದ್ದ ಬೆಂಕಿ ಗಾಳಿಯಲ್ಲಿರುವವನನ್ನು ಮುಟ್ಟದೆ ವ್ಯರ್ಥವಾಗುತ್ತದೆ. ಆಟದ ಸೆಟ್ಟಿಂಗ್ಸ್‌ನಲ್ಲಿ ಕ್ವಿಕ್ ಕಾಸ್ಟ್ ಆನ್ ಮಾಡಿಕೊಂಡರೆ ಗುಂಡಿ ಒತ್ತಿದ ತಕ್ಷಣ ಮೌಸ್ ಇರುವೆಡೆಗೆ ಮಂತ್ರ ಹೋಗುತ್ತದೆ, ಮತ್ತೊಮ್ಮೆ ಕ್ಲಿಕ್ ಮಾಡಬೇಕಿಲ್ಲ.

ಮಳೆ, ಗೋಡೆ, ಕರೆಂಟು

ನಮ್ಮ ಜಿಲ್ಲೆಯವರಿಗೆಂದೇ ಕೆಲವು ಮಾತು. ಆಟದಲ್ಲಿ ಭಾರತದ ಸರ್ವರನ್ನೇ ಆರಿಸಿಕೊಳ್ಳಿ. ಪಿಂಗ್, ಅಂದರೆ ನಮ್ಮ ಕಂಪ್ಯೂಟರಿನಿಂದ ಸರ್ವರಿಗೆ ಸಂದೇಶ ಹೋಗಿಬರುವ ಹೊತ್ತು, ಸ್ವಲ್ಪ ಹೆಚ್ಚಿದ್ದರೂ ಅಂಜಬೇಕಿಲ್ಲ, ಎಲ್ಲ ಗುಂಡಿಗಳೂ ಅಷ್ಟೇ ತಡವಾದರೆ ನಡುವಿನ ಅಂತರ ಕೆಡುವುದಿಲ್ಲ. ಪಿಂಗ್ ಏರಿಳಿಯುತ್ತಿದ್ದರೆ ಮಾತ್ರ ತಾಳವೇ ಹಾಳು. ಕರಾವಳಿಯ ಚಿರೆಕಲ್ಲಿನ ದಪ್ಪ ಗೋಡೆಗಳನ್ನು ದಾಟುವಾಗ ವೈಫೈ ಸೊರಗುತ್ತದೆ. ರೌಟರಿನಿಂದ ಕಂಪ್ಯೂಟರಿಗೆ ಕೇಬಲ್ ಎಳೆದುಬಿಡಿ. ಕೋಡಿಬಾಗದ ಮನೆಯಲ್ಲಿ ಅಳಿಯನ ತೊಂದರೆ ಅರ್ಧ ತೀರಿದ್ದು ಅದರಿಂದ. ಮರ ಬಿದ್ದು ಕರೆಂಟು ಹೋಗುವುದು ಘಟ್ಟದ ಮೇಲಿನ ನಮಗೆ ಆಷಾಢದ ದಿನಚರಿ. ಪಂದ್ಯದಿಂದ ಐದು ನಿಮಿಷಕ್ಕಿಂತ ಹೆಚ್ಚು ಹೊರಗುಳಿದರೆ ಆಟ ಬಿಟ್ಟು ಹೋದವರೆಂದು ದಂಡ ಬೀಳುತ್ತದೆ, ಜೊತೆಗಾರರಿಗೂ ಅನ್ಯಾಯ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದೀತು, ರೌಟರನ್ನೂ ಇನ್ವರ್ಟರಿಗೆ ಜೋಡಿಸಲು ಮರೆಯಬೇಡಿ. ಗುಡುಗುವ ಸಂಜೆ ಡೆಮೊದಲ್ಲಿಯೇ ಅಭ್ಯಾಸ ಮಾಡಿ.

ಮತ್ತೆ ಮಂತ್ರಗಳಿಗೆ ಬಂದರೆ, ಉಳಿದವು ನಾಲ್ಕು. ತ ತ ಟ ಐಸ್ ವಾಲ್, ಕಿ ಕಿ ಟ ಅಲಾಕ್ರಿಟಿ, ಕಿ ಕಿ ತ ಟೊರ್ನೇಡೊ, ಕಿ ಕಿ ಕಿ ಇಎಂಪಿ. ಮೊದಲೆರಡು ತಾವಾಗಿ ಕೂಡಿಕೊಳ್ಳುತ್ತವೆ. ಟೊರ್ನೇಡೊ ಮತ್ತು ಇಎಂಪಿ ಜೋಡಿಗೆ ಮಾತ್ರ 75ರ ತಾಳ ಹೊಂದುವುದಿಲ್ಲ. ಟೊರ್ನೇಡೊ ಎದುರಾಳಿಯನ್ನು ಎತ್ತಿ ಹಿಡಿಯುವ ಸುಂಟರಗಾಳಿ, ಇಎಂಪಿ ತಡವಾಗಿ ಸಿಡಿದು ಅವನ ಮಂತ್ರಶಕ್ತಿ ಹೀರುವ ಗೋಳ; ಅವನು ಕೆಳಗಿಳಿದಾಗ ಅದು ಸಿಡಿಯಬೇಕು. ಇಎಂಪಿ ಸಿಡಿಯಲು 2.9 ಸೆಕೆಂಡು, ಅದು ಬದಲಾಗದು. ಆದರೆ ಟೊರ್ನೇಡೊ ಎದುರಾಳಿಯನ್ನು ಮೇಲೆ ಹಿಡಿದಿಡುವ ಹೊತ್ತು ಕ್ವಾಸ್ ಮಟ್ಟ ಏರಿದಂತೆ ಬೆಳೆಯುತ್ತದೆ, ಮೇಲಾಗಿ ಗಾಳಿ ಅವನನ್ನು ತಲುಪಲು ದೂರಕ್ಕೆ ತಕ್ಕಷ್ಟು ಸಮಯ ಬೇಕು. ನಾವು ಮಾಡಿದ್ದು ಇಷ್ಟು: ಡೆಮೊದಲ್ಲಿ ಬೊಂಬೆಯನ್ನು ನಿಲ್ಲಿಸಿ, ಕ್ವಾಸ್‌ನ ಏಳೂ ಮಟ್ಟಗಳಲ್ಲಿ, ಹತ್ತಿರದಿಂದ ಒಮ್ಮೆ, ದೂರದಿಂದ ಒಮ್ಮೆ ಬಿಟ್ಟು ನೋಡಿ, ಯಾವುದನ್ನು ಮೊದಲು ಬಿಡಬೇಕು, ಎಷ್ಟು ಅಂತರ ಇಡಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಹದಿನಾಲ್ಕು ಸಾಲಿನ ಆ ಪುಟವನ್ನು ಅಳಿಯ ಕೋಡಿಬಾಗದಲ್ಲಿ ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿದ್ದಾನೆ. ಹೊಸ ಅಪ್‌ಡೇಟ್ ಬಂದು ಅಂಕಿಗಳು ಬದಲಾದಾಗ ಅದನ್ನು ಮತ್ತೆ ಅಳೆದು ಬರೆಯಬೇಕು.