ಮಳೆಗಾಲದ ಥಂಡಿ ಮನೆಗೆ ಎಷ್ಟು ಲೀಟರಿನ ಡಿಹ್ಯೂಮಿಡಿಫೈಯರ್ ಬೇಕು?

ಪುನರ್ವಸು ಮಳೆ ಹಿಡ್ಕೊಂಡ್ರೆ ನಮ್ಮ ತೀರ್ಥಹಳ್ಳಿ ಕಡೆ ಬೀರು ಬಾಗಿಲು ತೆಗೆದ್ರೆ ಸಾಕು ಬೂಷ್ಟು ವಾಸನೆ, ಬೆಲ್ಟ್ ಮೇಲೆ ಬಿಳಿ ಪುಡಿ, ಒಗೆದ ಬಟ್ಟೆ ನಾಕು ದಿನ ಆದ್ರೂ ಕೈಗೆ ತಣ್ಣಗೇ ತಾಗತ್ತೆ. ಮುಂಚೆ ಬಚ್ಚಲೊಲೆ ಹತ್ರ ಹಗ್ಗ ಕಟ್ಟಿ ಒಣಗಿಸ್ತಿದ್ವಿ, ಈಗ ಗೀಸರ್ ಬಂದು ಒಲೆನೇ ಇಲ್ಲ, ಅದಕ್ಕೇ ಎಲ್ರೂ ಡಿಹ್ಯೂಮಿಡಿಫೈಯರ್, ಅಂದ್ರೆ ಗಾಳಿಯ ತೇವ ಎಳೆದು ನೀರು ಮಾಡಿ ಟ್ಯಾಂಕಿಗೆ ಬಿಡೋ ಮಷೀನು, ಕೇಳ್ತಿದಾರೆ.

ನಾನು ಮೊದ್ಲು ತಗೊಂಡಿದ್ದು ಫ್ಲಾಸ್ಕ್ ಸೈಜಿನ ಪುಟಾಣಿ ಮಷೀನು. ಆನ್‌ಲೈನ್ ಫೋಟೋದಲ್ಲಿ ಇಡೀ ಹಾಲಿಗೆ ಸಾಕು ಅನ್ನೋ ಥರ ಹಾಕಿದ್ರು, ಒಂದು ಹಗಲು ರಾತ್ರಿ ಓಡಿಸಿದ್ರೆ ಒಂದು ಲೋಟ ನೀರು. ಅಂಥದ್ರಲ್ಲಿ ಕಂಪ್ರೆಸರ್ ಇರಲ್ಲ, ಪೆಲ್ಟಿಯರ್ ಚಿಪ್ (ಕರೆಂಟ್ ಕೊಟ್ರೆ ಒಂದು ಕಡೆ ತಣ್ಣಗಾಗೋ ಸಣ್ಣ ಬಿಲ್ಲೆ) ಇರತ್ತೆ, ಬೀರು ಒಳಗೆ ಇಡೋಕೆ ಸರಿ, ರೂಮಿಗೆ ಆಗಲ್ಲ.

ಬಾಕ್ಸ್ ಮೇಲಿನ ಚದರಡಿ ನೋಡಿ ತಗೋಬೇಡಿ, ಲೆಕ್ಕ ಬೇರೆನೇ ಇದೆ. 10ಕ್ಕೆ 12ರ ರೂಮು, 10 ಅಡಿ ಎತ್ತರ ಅಂದ್ರೆ ಸುಮಾರು 34 ಘನ ಮೀಟರ್ ಗಾಳಿ. 25 ಡಿಗ್ರಿಯಲ್ಲಿ 90 ಪರ್ಸೆಂಟ್ ತೇವ ಇರೋ ಗಾಳಿನ 55ಕ್ಕೆ ಇಳಿಸೋಕೆ ಒಂದು ಘನ ಮೀಟರಿಗೆ 8 ಗ್ರಾಂ ನೀರು ತೆಗೀಬೇಕು, ಅಂದ್ರೆ ಇಡೀ ರೂಮಿಂದ ಬರೀ ಕಾಲು ಲೀಟರ್ ಚಿಲ್ರೆ! ಇಷ್ಟೇನಾ ಅನ್ಸತ್ತೆ. ಆದ್ರೆ ಬಾಗಿಲ ಸಂದಿ, ಕಿಟಕಿ ಸಂದಿಯಿಂದ ಹೊರಗಿನ ಒದ್ದೆ ಗಾಳಿ ಬರ್ತಾನೇ ಇರತ್ತೆ. ಗಂಟೆಗೊಂದು ಸಲ ರೂಮಿನ ಗಾಳಿ ಪೂರ್ತಿ ಬದ್ಲಾದ್ರೆ ದಿನಕ್ಕೆ ಆರೂವರೆ ಲೀಟರ್, ಸಂದಿಗೆಲ್ಲ ಪಟ್ಟಿ ಅಂಟಿಸಿ ಅದನ್ನ ಅರ್ಧ ಮಾಡಿದ್ರೆ ಮೂರು ಚಿಲ್ರೆ. ಹಂಚಿನ ಮನೆ, ಕೆಳಗೆ ಸೀಲಿಂಗ್ ಇಲ್ಲ ಅಂದ್ರೆ ದಯವಿಟ್ಟು ದುಡ್ಡು ಹಾಳು ಮಾಡ್ಕೋಬೇಡಿ, ಊರಿನ ಮಳೆಗಾಲನೇ ಒಣಗಿಸೋಕೆ ಹೊರಟ ಹಾಗಾಗತ್ತೆ. ಅಂಥ ಮನೇಲಿ ಸೀಲಿಂಗ್ ಇರೋ ಒಂದು ರೂಮು ಆರಿಸ್ಕೊಂಡು ಬಟ್ಟೆ, ಪುಸ್ತಕ ಎಲ್ಲ ಅಲ್ಲಿಗೆ ಹಾಕಿ.

ಇದ್ರ ಮೇಲೆ ಮನುಷ್ಯರ ಲೆಕ್ಕ. ಇಬ್ರು ರಾತ್ರಿ ಮಲಗಿದ್ರೆ ಉಸಿರು ಬೆವರಿಂದ್ಲೇ ಅರ್ಧ ಲೀಟರ್ ಹತ್ರ, ವಾಷಿಂಗ್ ಮಷೀನಲ್ಲಿ ಹಿಂಡಿದ ಒಂದು ದೊಡ್ಡ ಬಕೆಟ್ ಬಟ್ಟೆ ಒಳಗೇ ಹರವಿದ್ರೆ ಇನ್ನೆರಡು ಲೀಟರ್. ಒಟ್ಟು ಆರು ಅಂತ ಇಟ್ಕೊಳ್ಳಿ, ಸಂದಿ ಜಾಸ್ತಿ ಇದ್ರೆ ಒಂಬತ್ತು.

ಈಗ ಮೋಸ ಹೋಗೋ ಜಾಗ ಬಂತು. ಮಷೀನ್ ಮೇಲೆ 20 ಲೀಟರ್ ಅಂತ ಬರೆದಿದ್ರೆ ಅದು ಟ್ಯಾಂಕಿನ ಸೈಜಲ್ಲ, ದಿನಕ್ಕೆ ತೆಗೆಯೋ ನೀರು, ಅದೂ ಸಾಮಾನ್ಯವಾಗಿ 30 ಡಿಗ್ರಿ, 80 ಪರ್ಸೆಂಟ್ ತೇವದಲ್ಲಿ ಟೆಸ್ಟ್ ಮಾಡಿದ ಅಂಕಿ. ನಮ್ಮಲ್ಲಿ ಜುಲೈನಲ್ಲಿ 22-24 ಡಿಗ್ರಿ, ರೂಮು ಒಣಗ್ತಾ ಬಂದ ಹಾಗೆ ಮಷೀನಿಗೆ ಸಿಗೋ ನೀರೂ ಕಡಿಮೆ, ಹಾಗಾಗಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯತ್ತೆ. ಅಂದ್ರೆ ಆರು ಲೀಟರ್ ಬೇಕಿದ್ರೆ 12ರದ್ದು, ಒಂಬತ್ತು ಬೇಕಿದ್ರೆ 20ರದ್ದು, 400 ಚದರಡಿ ಹಾಲು ಆದ್ರೆ 25ಕ್ಕಿಂತ ಕೆಳಗೆ ಬರಬೇಡಿ. ಎರಡರ ಮಧ್ಯ ಡೌಟಿದ್ರೆ ದೊಡ್ಡದೇ ತಗೊಳ್ಳಿ, ಬೇಗ ಕೆಲಸ ಮುಗಿಸಿ ತಾನೇ ನಿಲ್ಲತ್ತೆ, ಚಿಕ್ಕದು ಇಡೀ ದಿನ ಕಿರ್ರೋ ಅಂತಿರತ್ತೆ. ಅಮೆರಿಕದಲ್ಲಿರೋ ನೆಂಟ್ರು ತಂದುಕೊಡ್ತೀವಿ ಅಂದ್ರೆ ಬೇಡ ಅನ್ನಿ, ಅಲ್ಲಿ ಪೈಂಟ್ ಲೆಕ್ಕ (ಒಂದು ಪೈಂಟ್ ಅಂದ್ರೆ ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ), 2019ರಲ್ಲಿ ಟೆಸ್ಟೇ ಬದ್ಲಾಗಿ ಹಳೇ 70 ಪೈಂಟಿನ ಮಷೀನು ಈಗ 50 ಅಂತ ಬರತ್ತೆ, ಮೇಲಾಗಿ ಅದು 110 ವೋಲ್ಟಿಂದು.

ಕರೆಂಟು? 20 ಲೀಟರಿನದ್ದು 300 ವ್ಯಾಟ್ ಆಸುಪಾಸು, ಹತ್ತು ಗಂಟೆ ಓಡಿದ್ರೆ 3 ಯೂನಿಟ್. ಆ ಬಿಸಿಯೆಲ್ಲ ರೂಮಿಗೇ ಬರತ್ತೆ, ನಮ್ಮ ಕಡೆ ಅದು ಹಿತನೇ, ಮಂಗಳೂರು ಕಡೆಯವ್ರಿಗೆ ಸೆಕೆ ಆಗಬಹುದು. ಮಡಿಕೇರಿಯಲ್ಲಿ ರಾತ್ರಿ 15ಕ್ಕಿಂತ ಕೆಳಗೆ ಹೋದಾಗ ಮಷೀನೊಳಗಿನ ತಣ್ಣನೆ ಕಾಯಿಲ್ ಮೇಲೆ ಐಸ್ ಕಟ್ಟತ್ತೆ, ಅದನ್ನ ತಾನೇ ಕರಗಿಸೋ ಆಟೋ ಡಿಫ್ರಾಸ್ಟ್ ಇರೋದೇ ನೋಡಿ. ಕರೆಂಟ್ ಹೋಗಿ ಬಂದ್ಮೇಲೆ ತಾನೇ ಶುರು ಆಗೋ ಆಟೋ ರೀಸ್ಟಾರ್ಟ್ ಅಂತೂ ಇರಲೇಬೇಕು, ಇಲ್ಲಾಂದ್ರೆ ಬೆಳಿಗ್ಗೆ ಎದ್ದು ನೋಡಿದ್ರೆ ಮಷೀನು ಸುಮ್ನೆ ಕೂತಿರತ್ತೆ. ಟ್ಯಾಂಕ್ ಮೂರ್ನಾಲ್ಕು ಲೀಟರ್ ಅಷ್ಟೇ, ತುಂಬಿದ್ರೆ ಆಫ್, ಹಾಗಾಗಿ ಪೈಪ್ ಹಾಕೋ ಹೋಲ್ ಇದ್ಯಾ ಕೇಳಿ.

ತಗೊಳೋಕೆ ಮುಂಚೆ ಒಂದು ಸಣ್ಣ ತೇವದ ಮೀಟರ್ ತಂದು ವಾರ ಇಟ್ಟು ನೋಡಿ. 60ರ ಕೆಳಗೆ ನಿಂತ್ರೆ ಬೂಷ್ಟು ಸಾಮಾನ್ಯವಾಗಿ ಏಳಲ್ಲ, 55ಕ್ಕೆ ಸೆಟ್ ಮಾಡಿದ್ರೆ ಸಾಕು. ಗೋಡೆಯಲ್ಲಿ ನೀರು ಇಳೀತಿದ್ರೆ ಮಾತ್ರ ಮೊದ್ಲು ತಾರಸಿ ರಿಪೇರಿ, ಆಮೇಲೆ ಮಷೀನು.

ಹಾಂ, ಟ್ಯಾಂಕಿನ ನೀರು ಇನ್ವರ್ಟರ್ ಬ್ಯಾಟರಿಗೆ ಹಾಕಬೇಡಿ, ಕಾಯಿಲ್ ಮೇಲಿನ ಧೂಳೆಲ್ಲ ಅದ್ರಲ್ಲಿರತ್ತೆ. ನಮ್ಮಮ್ಮ ಚೆಲ್ಲೋಕೆ ಮನಸ್ಸಾಗ್ದೆ ಅದ್ರಲ್ಲೇ ಆ ರೂಮಿನ ನೆಲ ಒರೆಸೋಕೆ ಹೊರಟಿದ್ರು, ತೆಗೆದಿದ್ದನ್ನ ವಾಪಸ್ ಅಲ್ಲಿಗೇ ಹಾಕಿದ ಹಾಗಾಯ್ತಲ್ಲಮ್ಮಾ ಅಂದ್ಮೇಲೆ ಈಗ ಬಚ್ಚಲಿಗೆ ಸುರೀತಾರೆ.