ಮನೆಯಲ್ಲಿ ಕಟ್ಟಿದ ತಂಬೂರಿ: ದೋಷಕ್ಕೂ ಒಂದು ಸ್ವರ

ಎಲೆಕ್ಟ್ರಾನಿಕ್ ತಂಬೂರಿ ಅಂಗಡಿಯಲ್ಲಿ ಸಿಗುತ್ತದೆ, ಮೊಬೈಲಿನಲ್ಲಿ ಪುಕ್ಕಟೆಯಾಗಿಯೂ ಸಿಗುತ್ತದೆ. ಬೆಂಗಳೂರಿಗಂತೂ ಇದು ಹೊಸದೇನಲ್ಲ. ಕೊಳಲು ನುಡಿಸುವ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಇದೇ ಊರಿನಲ್ಲಿ 1970ರ ದಶಕದ ಕೊನೆಯ ಹೊತ್ತಿಗೇ ರೂಪಿಸಿದ್ದರು. ಹೀಗಿರುವಾಗ ಇನ್ನೊಂದನ್ನು ಕಟ್ಟುವ ದರ್ದು ಏನಿತ್ತು ಎಂದು ಕೇಳಿದರೆ ನನ್ನಲ್ಲಿ ದೊಡ್ಡ ಉತ್ತರವಿಲ್ಲ. ಬೆಸುಗೆ ಹಾಕುವ ಚಟ ನನಗಿದೆ, ಹಾಡುವ ಅಕ್ಕ ಮನೆಯಲ್ಲಿದ್ದಾಳೆ, ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆ ಒಂದು ಬಸ್ಸಿನ ದೂರದಲ್ಲಿದೆ. ಅಷ್ಟೇ.

ಮೊದಲು ತೀರ್ಮಾನಿಸಬೇಕಾಗಿದ್ದು ಸ್ವರ ಹುಟ್ಟುವ ಬಗೆ. ಸುಲಭದ ದಾರಿಯೆಂದರೆ ತಂತಿಗೊಂದರಂತೆ ಆಸಿಲೇಟರ್ (ತಾನಾಗಿ ಮಿಡಿಯುತ್ತಾ ಸ್ವರ ಹುಟ್ಟಿಸುವ ಸರ್ಕ್ಯೂಟ್) ಇಟ್ಟು ಒಂದೊಂದನ್ನೂ ಶ್ರುತಿ ಮಾಡುವುದು. ಮನೆಯಲ್ಲಿ ಸಿಂಥಸೈಜರ್ ಕಟ್ಟುವವರಿಗೆ ಬಲು ಪ್ರಿಯವಾದ 40106 ಐಸಿಯಲ್ಲಿ ಇಂತಹ ಆರು ಆಸಿಲೇಟರುಗಳನ್ನು ಮಾಡಿಕೊಳ್ಳಬಹುದು. ಆದರೆ ವೋಲ್ಟೇಜ್ ಬದಲಾದರೆ ಅದರ ಶ್ರುತಿಯೂ ಬದಲಾಗುತ್ತದೆ. ಒಂದೊಂದೂ ತನ್ನ ಪಾಡಿಗೆ ತಾನು ಜಾರುತ್ತದೆ. ಕಂಪನ ಶೇಕಡಾ 1ರಷ್ಟು ತಪ್ಪಿದರೆ 17 ಸೆಂಟ್ ತಪ್ಪಿದಂತೆ (ಕೀಬೋರ್ಡಿನ ಅಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್). ಅಕ್ಕನಂಥವರು ಅದರ ಅರ್ಧಕ್ಕೇ ಮುಖ ಸಿಂಡರಿಸುತ್ತಾರೆ. ಷಡ್ಜ ಮತ್ತು ಪಂಚಮ ಬೇರೆ ಬೇರೆ ದಿಕ್ಕಿಗೆ ಜಾರುವ ತಂಬೂರಿಯ ಜೊತೆ ಹಾಡುವುದಕ್ಕಿಂತ ತಂಬೂರಿಯೇ ಇಲ್ಲದೆ ಹಾಡುವುದು ಮೇಲು.

ಹಾಗಾಗಿ ಆಸಿಲೇಟರ್ ಒಂದೇ ಸಾಕು, ಉಳಿದದ್ದೆಲ್ಲ ಭಾಗಾಕಾರ ಎಂದುಕೊಂಡೆ. ಅಕ್ಕನದು ಐದು ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಐದನೆಯ ಬಿಳಿ ಮನೆ. ಅಲ್ಲಿ ಷಡ್ಜ ಸುಮಾರು 196 ಹರ್ಟ್ಸ್, ಮಂದ್ರ ಷಡ್ಜ 98, ಇವೆರಡರ ನಡುವಿನ ಪಂಚಮ 147. ಮೂರಕ್ಕೂ ಮೂಲವಾಗಬಲ್ಲ ಒಂದು ಸಂಖ್ಯೆ 1176. ಅದನ್ನು 6ರಿಂದ ಭಾಗಿಸಿದರೆ 196, 12ರಿಂದ ಭಾಗಿಸಿದರೆ 98, 8ರಿಂದ ಭಾಗಿಸಿದರೆ 147. ಒಂದು 555 ಐಸಿ 1176 ಹರ್ಟ್ಸ್‌ನಲ್ಲಿ ಮಿಡಿಯುತ್ತಿದ್ದರೆ ಉಳಿದ ಸ್ವರಗಳು ಎಣಿಕೆಯಿಂದಲೇ ಹುಟ್ಟುತ್ತವೆ. 555 ಜಾರಿದರೆ ಎಲ್ಲವೂ ಒಟ್ಟಿಗೆ ಜಾರುತ್ತವೆ. ಮಂದ್ರ ಷಡ್ಜಕ್ಕೂ ಪಂಚಮಕ್ಕೂ ನಡುವಿನ 3:2 ಎಂಬ ಸಂಬಂಧ ಕೂದಲೆಳೆಯಷ್ಟೂ ಕದಲುವುದಿಲ್ಲ. ಹಾರ್ಮೋನಿಯಂ ಮತ್ತು ಕೀಬೋರ್ಡುಗಳ ಪಂಚಮ 700 ಸೆಂಟ್. ಈ ಪಂಚಮ 702.

ಇದಕ್ಕೆ ಬೇಕಾದ ಸರಕು ಹೆಚ್ಚೇನಲ್ಲ. 4017 ಎಂಬ ಎಣಿಕೆ ಐಸಿಯಲ್ಲಿ ಹತ್ತು ಔಟ್‌ಪುಟ್‌ಗಳಿವೆ. ಯಾವ ಔಟ್‌ಪುಟ್ಟನ್ನು ರೀಸೆಟ್ ಕಾಲಿಗೆ (ಪಿನ್ನಿಗೆ) ಜೋಡಿಸುತ್ತೇವೋ ಅಲ್ಲಿಗೆ ಎಣಿಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಒಂದು 4017 ಮೂರರಿಂದ ಭಾಗಿಸಿ 392 ಕೊಡುತ್ತದೆ. ಅದರ ಹಿಂದೆ ನಿಂತ 4013 ಎರಡು ಸಲ ಅರ್ಧ ಮಾಡಿ 196 ಮತ್ತು 98 ಕೊಡುತ್ತದೆ. ಎರಡನೆಯ 4017 ಎಂಟರಿಂದ ಭಾಗಿಸಿ ಪಂಚಮ ಕೊಡುತ್ತದೆ. ಕಾಗದದ ಮೇಲೆ ಇದನ್ನು ಬರೆಯುವಾಗಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. 1176ನ್ನು 9ರಿಂದ ಭಾಗಿಸಿದರೆ ಸುಮಾರು 130.7 ಬರುತ್ತದೆ. ಅದು ಶುದ್ಧ ಮಧ್ಯಮ! ಹಿಂದೋಳ, ಶ್ರೀರಂಜನಿಯಂತಹ ಪಂಚಮವಿಲ್ಲದ ರಾಗಗಳಿಗೆ ತಂಬೂರಿಯ ಪಂಚಮವನ್ನು ಮಧ್ಯಮಕ್ಕೆ ಇಳಿಸಿಕೊಳ್ಳುವವರಿದ್ದಾರೆ. ಈ ಪೆಟ್ಟಿಗೆಯಲ್ಲಿ ಅದಕ್ಕೆ ಬೇಕಾದದ್ದು ಒಂದು ಸ್ವಿಚ್ ಮಾತ್ರ. ರೀಸೆಟ್ ತಂತಿಯನ್ನು 9ನೇ ಕಾಲಿನಿಂದ 11ನೇ ಕಾಲಿಗೆ ಬದಲಿಸಿದರೆ ಮುಗಿಯಿತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಭಾಗ ಇದೇ, ಮತ್ತು ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

555ಕ್ಕೆ 10 ನ್ಯಾನೊಫ್ಯಾರಡ್ ಕೆಪಾಸಿಟರ್, ಒಂದು 10 ಕಿಲೊ ಓಮ್ ರೆಸಿಸ್ಟರ್, ಮತ್ತೊಂದು 47 ಕಿಲೊ ರೆಸಿಸ್ಟರ್. ಈ ಎರಡನೆಯದರ ಸಾಲಿನಲ್ಲೇ ಶ್ರುತಿ ನಾಬಿನ 22 ಕಿಲೊ ಪಾಟ್ (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್). ಇದರಿಂದ ಮೂರು ಮನೆಯಿಂದ ಆರು ಮನೆಯವರೆಗೆ ಓಡಾಡಬಹುದು. ಸೂಕ್ಷ್ಮವಾಗಿ ತಿರುಗಿಸಲು 1 ಕಿಲೊ ಪಾಟ್ ಒಂದನ್ನು ಸೇರಿಸಿದೆ. ಬಿಲ್ಲೆಯಂತಹ ಅಗ್ಗದ ಸೆರಾಮಿಕ್ ಕೆಪಾಸಿಟರ್ ಈ ಜಾಗಕ್ಕೆ ಸಲ್ಲದು. ಬೆಸುಗೆ ಕಡ್ಡಿಯನ್ನು ಅದರ ಹತ್ತಿರ ಹಿಡಿದರೆ ಸಾಕು, ಮುಟ್ಟುವುದೂ ಬೇಡ, ಶ್ರುತಿ ಜಾರುವುದು ಕಿವಿಗೇ ಕೇಳಿಸುತ್ತದೆ. ಪಾಲಿಪ್ರಾಪಿಲಿನ್ ಅಥವಾ ಪಾಲಿಸ್ಟೈರಿನ್ ಕೆಪಾಸಿಟರ್ ಹಾಕಬೇಕು, ರೆಸಿಸ್ಟರುಗಳು ಶೇಕಡಾ 1ರ ಮೆಟಲ್ ಫಿಲ್ಮ್ ಆಗಿರಬೇಕು. ಬೆಲೆಯ ವ್ಯತ್ಯಾಸ ಒಂದು ಕಾಫಿಯಷ್ಟೂ ಇಲ್ಲ.

ಮೀಟುವ ಕೆಲಸ ಮೂರನೆಯ 4017ರದು. ನಿಧಾನವಾಗಿ ಮಿಡಿಯುವ ಇನ್ನೊಂದು 555 ಅದನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸುತ್ತದೆ: ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜ, ಒಂದು ಖಾಲಿ ಹೆಜ್ಜೆ, ಮತ್ತೆ ಮೊದಲಿನಿಂದ. ಪ್ರತಿ ಹೆಜ್ಜೆಯೂ ಡಯೋಡ್ ಮೂಲಕ ಒಂದು 10 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ತುಂಬಿಸುತ್ತದೆ, ಅದು 100 ಕಿಲೊ ರೆಸಿಸ್ಟರಿನಲ್ಲಿ ಮೆಲ್ಲಗೆ ಬರಿದಾಗುತ್ತದೆ. ಬರಿದಾಗುತ್ತಿರುವ ಆ ವೋಲ್ಟೇಜನ್ನು ಒಂದು BC547 ಟ್ರಾನ್ಸಿಸ್ಟರ್ ಸ್ವರದ ವೇಗದಲ್ಲಿ ಕತ್ತರಿಸುತ್ತದೆ. ಮೀಟಿದಂತೆ ಜೋರಾಗಿ ಎದ್ದು ಕ್ರಮೇಣ ಅಡಗುವ ನಾದ ಬರುವುದು ಹೀಗೆ. ತಂತಿಗೊಂದು ಟ್ರಾನ್ಸಿಸ್ಟರ್, ಇದಕ್ಕಿಂತ ಸರಳವಾದ ಉಪಾಯ ನನಗೆ ಸಿಕ್ಕಿಲ್ಲ.

ಮೊದಲು ಬಂದ ನಾದ ಟೊಳ್ಳಾಗಿತ್ತು. 4013ರಿಂದ ಬರುವುದು ಚೌಕ ತರಂಗ. ಅದರಲ್ಲಿ ಎರಡನೆಯ, ನಾಲ್ಕನೆಯ, ಆರನೆಯ ಉಪಸ್ವರಗಳೇ (ಮೂಲ ಸ್ವರದ ಎರಡು, ನಾಲ್ಕು, ಆರು ಪಟ್ಟು ವೇಗದ ಕಂಪನಗಳು) ಇರುವುದಿಲ್ಲ. ಪಂಚಮದ 4017ರಿಂದ ಮಾತ್ರ ಎಂಟರಲ್ಲಿ ಒಂದು ಪಾಲಿನಷ್ಟೇ ಅಗಲವಾದ ಕಿರಿದಾದ ಮಿಡಿತ ಬರುತ್ತಿತ್ತು, ಮತ್ತು ಅದೊಂದೇ ತಂತಿಯ ಹಾಗೆ ಝೇಂಕರಿಸುತ್ತಿತ್ತು. ಎರಡು ಡಯೋಡ್ ಮತ್ತು ಒಂದು ರೆಸಿಸ್ಟರ್ ಬಳಸಿ 196 ಮತ್ತು 98 ಎರಡೂ ಏರಿದ್ದಾಗ ಮಾತ್ರ ಹಾಯುವಂತೆ ಮಾಡಿದ ಮೇಲೆ ಮಂದ್ರ ಷಡ್ಜದ ಮಿಡಿತ ಕಾಲು ಭಾಗಕ್ಕೆ ಕಿರಿದಾಯಿತು. ಷಡ್ಜಕ್ಕೂ ಹಾಗೆಯೇ, ಅಲ್ಲಿ ಆರನೇ ಒಂದು ಭಾಗ. ಒಳ್ಳೆಯ ತಂಬೂರಿಯ ಮಂದ್ರ ಷಡ್ಜದಿಂದ ಅಂತರ ಗಾಂಧಾರ ತಾನಾಗಿಯೇ ಕೇಳಿಸಬೇಕು ಎಂದು ಸಂಗೀತಗಾರರು ಹೇಳುತ್ತಾರಲ್ಲ, ಅದು ಐದನೆಯ ಉಪಸ್ವರ. ಮಿಡಿತದ ಅಗಲ ಕಾಲು ಭಾಗವಾದರೆ ಅದು ಉಳಿಯುತ್ತದೆ. ಐದನೇ ಒಂದು ಭಾಗವಾದರೆ ಸರಿಯಾಗಿ ಅದೇ ಮಾಯವಾಗುತ್ತದೆ. ಹಾಗೆಂದು ಇದು ನಿಜವಾದ ತಂಬೂರಿಗೆ ಸಮವಲ್ಲ. ತಂತಿಯನ್ನು ಮೀಟುವ ಜಾಗವನ್ನು ಅವಲಂಬಿಸಿ ಕೆಲವು ಉಪಸ್ವರಗಳು ಹುಟ್ಟಲೇಬಾರದು ಎಂಬ ನಿಯಮವನ್ನು ತಂಬೂರಿ, ವೀಣೆಗಳ ಕುದುರೆ (ತಂತಿಗಳು ಹಾಯುವ ಮಣೆ) ಮೀರುತ್ತದೆ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದಾರೆ. ನನ್ನ ಡಯೋಡುಗಳಿಗೆ ಆ ಸ್ವಾತಂತ್ರ್ಯವಿಲ್ಲ.

ಇಷ್ಟು ಕಟ್ಟಿದ ಮೇಲೆ ನಿಜವಾದ ಕೆಲಸ ಶುರುವಾಯಿತು.

ಅಕ್ಕ ಸಂಜೆ ಅಭ್ಯಾಸಕ್ಕೆ ಕೂರುವವಳು. "ಮಂದ್ರ ಷಡ್ಜ ನಡುಗುತ್ತಿದೆ ಕಣೋ, ಪಂಚಮ ಸರಿಯಾಗಿದೆ" ಎಂದಳು. ಬೆಳಿಗ್ಗೆ ನಾನು ಕೇಳಿದರೆ ಯಾವ ನಡುಕವೂ ಇಲ್ಲ. ಸಂಜೆ ಮಾತ್ರ, ಅದೂ ಮಂದ್ರದಲ್ಲಿ ಮಾತ್ರ, ಸೆಕೆಂಡಿಗೆ ಎರಡು ಸಲ ನಾದ ಉಬ್ಬಿ ಕುಗ್ಗುತ್ತಿತ್ತು. 555 ಅಲುಗಾಡಿದರೆ ಪಂಚಮವೂ ಅಲುಗಾಡಲೇಬೇಕು, ಎರಡಕ್ಕೂ ಮೂಲ ಒಂದೇ. ಆದ್ದರಿಂದ ದೋಷ ಸ್ವರ ಹುಟ್ಟುವಲ್ಲಿ ಇರಲಿಲ್ಲ. ನನ್ನ ಹತ್ತಿರ ಆಸಿಲೋಸ್ಕೋಪ್ ಇಲ್ಲ. ಇದ್ದದ್ದು ಒಂದು ಮಲ್ಟಿಮೀಟರ್ ಮತ್ತು ಶ್ರುತಿ ನಾಬ್. ನಾಬನ್ನು ಕೊಂಚ ಏರಿಸಿದೆ, ನಡುಕ ನಿಧಾನವಾಯಿತು. ಇನ್ನೂ ಕೊಂಚ ಏರಿಸಿದೆ, ನಿಂತೇ ಹೋಯಿತು. ಮತ್ತೂ ಏರಿಸಿದಾಗ ಪುನಃ ಶುರುವಾಗಿ ವೇಗ ಹೆಚ್ಚಿತು. ಅಂದರೆ ಪೆಟ್ಟಿಗೆಯೊಳಗೆ ನಾನು ಕಟ್ಟದ ಇನ್ನೊಂದು ಸ್ವರ ಇತ್ತು, ಮಂದ್ರ ಷಡ್ಜಕ್ಕಿಂತ ತುಸುವೇ ಮೇಲೆ, ನಾಬಿಗೆ ಜಗ್ಗದೆ ಕುಳಿತಿತ್ತು. ಸೆಕೆಂಡಿಗೆ ಎರಡು ಏರಿಳಿತ ಎಂದರೆ ಎರಡು ಹರ್ಟ್ಸ್ ಅಂತರ. 98ಕ್ಕೆ 2 ಸೇರಿಸಿದರೆ 100. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಸ್. ನಾಲ್ಕು ಡಯೋಡುಗಳ ಬ್ರಿಜ್ ಅದನ್ನು ಡಿಸಿ ಮಾಡುವಾಗ ಉಳಿಯುವ ಅಲೆ 100 ಹರ್ಟ್ಸ್. ಐದು ಮನೆ ಶ್ರುತಿಯ ಮಂದ್ರ ಷಡ್ಜದಿಂದ ಕೇವಲ 35 ಸೆಂಟ್ ಮೇಲೆ! ಅಕ್ಕನ ಶ್ರುತಿ ಒಂದು ಮನೆ ಆಗಿದ್ದರೆ ಅದು ಬರಿಯ ಗುಂಯ್ ಎನ್ನುವ ಸದ್ದಾಗಿ ಉಳಿದಿರುತ್ತಿತ್ತು, ಇಷ್ಟು ಸ್ಪಷ್ಟವಾಗಿ ತನ್ನ ಹೆಸರು ಹೇಳುತ್ತಿರಲಿಲ್ಲ.

9 ವೋಲ್ಟ್ ಬ್ಯಾಟರಿಗೆ ಜೋಡಿಸಿದಾಗ ನಡುಕ ಪೂರ್ತಿ ಹೋಯಿತು. ಹಾಗಾದರೆ ಸಂಜೆ ಮಾತ್ರ ಏಕೆ? ಪವರ್ ಸಪ್ಲೈನಲ್ಲಿ ಇದ್ದದ್ದು 9 ವೋಲ್ಟ್‌ನ ಚಿಕ್ಕ ಟ್ರಾನ್ಸ್‌ಫಾರ್ಮರ್, ಬ್ರಿಜ್, 470 ಮೈಕ್ರೊಫ್ಯಾರಡ್ ಕೆಪಾಸಿಟರ್, ಆಮೇಲೆ 7809 ರೆಗ್ಯುಲೇಟರ್. 7809 ತನ್ನ 9 ವೋಲ್ಟ್ ಕೊಡಬೇಕಾದರೆ ಒಳಗೆ ಅದಕ್ಕಿಂತ ಸುಮಾರು ಎರಡು ವೋಲ್ಟ್ ಹೆಚ್ಚು ಬರುತ್ತಿರಬೇಕು. ಮೀಟರ್ ಹಚ್ಚಿ ನೋಡಿದರೆ ಬೆಳಿಗ್ಗೆ 12ರ ಮೇಲಿತ್ತು. ಸಂಜೆ ಬೀದಿಯ ಮನೆಗಳಲ್ಲೆಲ್ಲ ದೀಪ, ಗೀಸರ್ ಉರಿಯುವ ಹೊತ್ತಿಗೆ ವೋಲ್ಟೇಜ್ ಕುಸಿದು 11ರ ಕೆಳಗೆ ಬರುತ್ತಿತ್ತು. ಅಲೆಯ ತಗ್ಗಿನಲ್ಲಿ ರೆಗ್ಯುಲೇಟರ್ ಕೈ ಚೆಲ್ಲುತ್ತಿತ್ತು, 100 ಹರ್ಟ್ಸ್ ಹಾಗೆಯೇ ನುಸುಳುತ್ತಿತ್ತು. 12 ವೋಲ್ಟ್‌ನ ಟ್ರಾನ್ಸ್‌ಫಾರ್ಮರ್ ಮತ್ತು 2200 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ಅಕ್ಕನ ದೂರು ನಿಂತಿತು. ಕೆಪಾಸಿಟರ್ 25 ವೋಲ್ಟ್ ತಾಳುವಂಥದ್ದು ಇರಲಿ. 230 ವೋಲ್ಟ್‌ನ ಕಡೆ ಫ್ಯೂಸ್ ಹಾಕದೆ, ಬೆಸುಗೆಯ ಜಾಗಗಳಿಗೆ ಪ್ಲಾಸ್ಟಿಕ್ ಸ್ಲೀವ್ ಹೊದಿಸದೆ ಪ್ಲಗ್ ಚುಚ್ಚಲೇಬೇಡಿ.

ಇದರಿಂದ ನನಗೆ ಸಿಕ್ಕ ಅಳತೆಗೋಲು ಹೀಗಿದೆ. ಗುಂಯ್ ಸದ್ದು 100 ಹರ್ಟ್ಸ್‌ನಲ್ಲಿದ್ದರೆ ಪವರ್ ಸಪ್ಲೈ ನೋಡಿ. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, 50ರಲ್ಲಿದ್ದರೆ ಗ್ರೌಂಡ್ ತಂತಿಯನ್ನೂ ಟ್ರಾನ್ಸ್‌ಫಾರ್ಮರ್ ಹತ್ತಿರ ಹಾದುಹೋಗುವ ತಂತಿಗಳನ್ನೂ ನೋಡಿ. ಬ್ರಿಜ್‌ನ ಒಂದು ಡಯೋಡ್ ಸತ್ತರೂ 50 ಕೇಳಿಸುತ್ತದೆ. ಚಿಕ್ಕ ಸ್ಪೀಕರಿನಲ್ಲಿ 50 ಹರ್ಟ್ಸ್ ಸರಿಯಾಗಿ ಕೇಳಿಸುವುದಿಲ್ಲ, ಹೆಡ್‌ಫೋನ್ ಬೇಕು. ನನ್ನ ಪೆಟ್ಟಿಗೆಯಲ್ಲೂ ಕೊಂಚ 50 ಉಳಿದಿತ್ತು. ವಾಲ್ಯೂಮ್ ಪಾಟ್‌ನ ಲೋಹದ ಮೈ ಮುಟ್ಟಿದರೆ ಅದು ಕಡಿಮೆಯಾಗುತ್ತಿತ್ತು. ಆ ಮೈಯನ್ನೇ ಗ್ರೌಂಡಿಗೆ ಬೆಸೆದು, ಅಲ್ಲಿಂದ ಎಲ್ಎಂ386 ಆಂಪ್ಲಿಫೈಯರಿಗೆ ಹೋಗುವ ತಂತಿಯನ್ನು ಶೀಲ್ಡ್ ಇರುವ ತಂತಿಯಾಗಿ ಬದಲಿಸಿದೆ.

ಸ್ವರದಲ್ಲೇ ಹಿಡಿದುಕೊಟ್ಟ ಇನ್ನೊಂದು ದೋಷ ಸ್ವಿಚ್ಚಿನದು. ಒಂದು ದಿನ ಪಂಚಮ ಇರಬೇಕಾದ ಜಾಗದಲ್ಲಿ ಸಾಧಾರಣ ಗಾಂಧಾರ ನುಡಿಯಿತು, ಅದೂ ಅಪಸ್ವರವಿಲ್ಲದೆ, ಅಚ್ಚುಕಟ್ಟಾಗಿ. ಅಕ್ಕ ನಕ್ಕುಬಿಟ್ಟಳು. ಮಂದ್ರ ಷಡ್ಜಕ್ಕೆ ಸಾಧಾರಣ ಗಾಂಧಾರ 6:5. 98ನ್ನು 6ರಿಂದ ಗುಣಿಸಿ 5ರಿಂದ ಭಾಗಿಸಿದರೆ 117.6. ಅದು 1176ರ ಹತ್ತನೇ ಒಂದು ಭಾಗ. 4017 ಹತ್ತರವರೆಗೆ ಎಣಿಸುತ್ತಿದೆ ಎಂದರೆ ಅದಕ್ಕೆ ರೀಸೆಟ್ ತಲುಪುತ್ತಿಲ್ಲ. ಪೆಟ್ಟಿಗೆ ತೆರೆಯುವ ಮೊದಲೇ ಯಾವ ತಂತಿ ಬಿಟ್ಟಿದೆ ಎಂಬುದು ಗೊತ್ತಾಗಿತ್ತು: ಪಂಚಮ-ಮಧ್ಯಮ ಸ್ವಿಚ್ಚಿನ ನಡುಗಾಲಿನದು. ರೀಸೆಟ್ ಕಾಲಿನಿಂದ ಗ್ರೌಂಡಿಗೆ 100 ಕಿಲೊ ರೆಸಿಸ್ಟರ್ ಇದ್ದದ್ದರಿಂದಲೇ ಇಷ್ಟು ಶುದ್ಧವಾದ ಗಾಂಧಾರ ಬಂದದ್ದು. ಅದಿಲ್ಲದಿದ್ದರೆ ಆ ಕಾಲು ಗಾಳಿಯಲ್ಲಿ ತೇಲುತ್ತಾ, ಕೈ ಹತ್ತಿರ ತಂದಾಗಲೆಲ್ಲ ಬೇರೆ ಬೇರೆ ಸ್ವರ ಕೊಡುತ್ತಿತ್ತು. ಈ ಜಾತಿಯ ಐಸಿಗಳಲ್ಲಿ ಬಳಸದ ಇನ್‌ಪುಟ್ ಕಾಲುಗಳನ್ನು ಹಾಗೆಯೇ ಬಿಡಬಾರದು. 4017ರ 13ನೇ ಕಾಲು, 4013ರ ಸೆಟ್ ಮತ್ತು ರೀಸೆಟ್ ಕಾಲುಗಳು ಗ್ರೌಂಡಿಗೆ ಹೋಗಲೇಬೇಕು.

ಮೀಟುವ ಹೆಜ್ಜೆಗಳ ಟಕ್ ಟಕ್ ಸದ್ದು ಸ್ಪೀಕರಿಗೆ ಸೋರುತ್ತಿದ್ದದ್ದು ಸುಲಭದಲ್ಲಿ ಬಗೆಹರಿಯಿತು. ಹಳೆಯ ಮಾದರಿಯ 555 ಪ್ರತಿ ಸಲ ಹೊರಳುವಾಗಲೂ ಸಪ್ಲೈಯಿಂದ ಗಕ್ಕನೆ ವಿದ್ಯುತ್ತು ಎಳೆಯುತ್ತದೆ. ಅದರ ಜಾಗದಲ್ಲಿ ಕಡಿಮೆ ವಿದ್ಯುತ್ತು ಎಳೆಯುವ ಸೀಮಾಸ್ (CMOS) ಮಾದರಿಯ 7555 ಕೂರಿಸಿ, ಪ್ರತಿ ಐಸಿಯ ಪಕ್ಕದಲ್ಲೂ 0.1 ಮೈಕ್ರೊಫ್ಯಾರಡ್ ಇಟ್ಟೆ.

ಬಗೆಹರಿಯದೆ ಉಳಿದಿರುವುದು ಎರಡು ಷಡ್ಜಗಳ ಸಂಗತಿ. ನಿಜವಾದ ತಂಬೂರಿಯ ಜೋಡಿ ಷಡ್ಜಗಳಲ್ಲಿ ಎಳೆಯಷ್ಟು ವ್ಯತ್ಯಾಸವಿರುತ್ತದೆ, ಆ ವ್ಯತ್ಯಾಸದಿಂದಲೇ ನಾದ ಮೆಲ್ಲಗೆ ತೂಗುತ್ತದೆ. ನನ್ನವೆರಡೂ ಒಂದೇ ಎಣಿಕೆಯಿಂದ ಬಂದವು, ಗಣಿತದಷ್ಟೇ ನಿಖರ, ಗಣಿತದಷ್ಟೇ ಒಣ. ಐದು ಸೆಕೆಂಡಿಗೊಮ್ಮೆ ತೂಗುವ ನಾದ ಬೇಕೆಂದರೆ ಅಂತರ 0.2 ಹರ್ಟ್ಸ್, ಎರಡು ಸೆಂಟಿಗಿಂತಲೂ ಕಡಿಮೆ. ಎರಡನೆಯ ಷಡ್ಜಕ್ಕೆ ಬೇರೆ 555 ಇಟ್ಟರೆ ಅದು ಅಷ್ಟು ನಿಖರವಾಗಿ ನಿಲ್ಲುವುದಿಲ್ಲ, ಫ್ಯಾನ್ ಹಾಕಿದರೂ ಕದಲುತ್ತದೆ. ಸದ್ಯಕ್ಕೆ ಒಂದು ಷಡ್ಜಕ್ಕೆ ಬೇರೆ ಅಳತೆಯ ಕೆಪಾಸಿಟರ್ ಹಾಕಿ ಅದರ ಧ್ವನಿಯನ್ನು ತುಸು ಮಂಕು ಮಾಡಿದ್ದೇನೆ. ಅಕ್ಕನಿಗೆ ಇದು ಅಷ್ಟಾಗಿ ಒಪ್ಪಿಗೆಯಾಗಿಲ್ಲ, ನನಗೂ ಆಗಿಲ್ಲ. ಎರಡು ಕ್ವಾರ್ಟ್ಜ್ ಹರಳುಗಳಿಂದ ಎರಡು ಮೂಲ ಹುಟ್ಟಿಸಿದರೆ ಇಷ್ಟು ಕಿರಿದಾದ ಅಂತರವನ್ನೂ ಹಿಡಿದು ನಿಲ್ಲಿಸಬಹುದು. ಆದರೆ ಆಗ ನಾಬ್ ತಿರುಗಿಸಿ ಶ್ರುತಿ ಏರಿಸುವ ಸುಖ ಹೋಗುತ್ತದೆ, ಪ್ರತಿ ಮನೆಗೂ ಬೇರೆ ಭಾಗಾಕಾರ ಬೇಕಾಗುತ್ತದೆ. ಅದರ ಲೆಕ್ಕ ಹಾಕುತ್ತಿದ್ದೇನೆ.